ಲಾಳಿ ನಡುದಾರಿಯಲ್ಲಿ

ವಡಗಾವಿಯ ಮೂರನೇ ಗಲ್ಲಿ, ತಗಡಿನ ಶೆಡ್ಡು,
ಎಂಟು ಮಗ್ಗ, ಎಂಟಕ್ಕೂ ಒಂದೊಂದು ನನ್ನ ಬೋರ್ಡು:
ಎಳೆ ಹರಿದರೆ ತಿಳಿಯಬೇಕು, ತಿಳಿದರೆ ಮಗ್ಗ ನಿಲ್ಲಿಸಬೇಕು.
ಇಷ್ಟೇ ಕೆಲಸ. ಇಷ್ಟಕ್ಕೆ ಉದ್ಯಮಬಾಗದಲ್ಲಿ
ನಾಲ್ಕು ತಿಂಗಳು ಬಾಡಿಗೆ ಕಟ್ಟಿದ್ದೆ.

ಮಂಗಳವಾರ ಐದನೇ ಮಗ್ಗ ನಿಲ್ಲಲಿಲ್ಲ.
ಎಳೆ ಹರಿದದ್ದು ನಿಜ, ಬೋರ್ಡಿಗೆ ಗೊತ್ತಾದದ್ದೂ ನಿಜ;
ಗೊತ್ತಾದ ಗಳಿಗೆಯಲ್ಲೇ ಅದು ಉಸಿರು ಬಿಟ್ಟು ಕೂತಿತ್ತು.
ಯಂಕವ್ವ ಸೊಂಟಕ್ಕಿ ಸೀರೆಯನ್ನು ಬೆಳಕಿಗೆ ಹಿಡಿದಳು:
ಗೇಣುದ್ದ ಜಾಳು, ಜಾಳಿನಾಚೆ ಅವಳ ಕಣ್ಣು.
"ನಿನ್ನ ಪೆಟಗಿ ಮಲಗಿತ್ತೇನೋ ತಮ್ಮಾ?"

ಹೌದು, ಮಲಗಿತ್ತು.
ಲ್ಯಾಪ್‌ಟಾಪಿನಲ್ಲಿ ಕರ್ನಲ್ಲೂ ಅದನ್ನೇ ಬೈದಿತ್ತು,
ಮಲಗಬಾರದ ಹೊತ್ತಿನಲ್ಲಿ ಮಲಗಿದ್ದಾನೆ ಎಂದು,
ಸಾಲಿನ ಸಂಖ್ಯೆ ಸಮೇತ. ನನ್ನದೇ ಸಾಲು.

ಗಡಿಯಾರವೆಂದರೆ ಗೋಡೆಯದಲ್ಲ, ಚಿಪ್ಪಿನೊಳಗಿನ ಮಿಡಿತ;
ಕರೆಂಟು ಉಳಿಯಲೆಂದು ಬ್ರೇಕಿನ ಗಡಿಯಾರವನ್ನು ನಾನೇ ಮಲಗಿಸಿಟ್ಟಿದ್ದೆ.
ಎಬ್ಬಿಸಲು ಎರಡು ಹೆಜ್ಜೆ.
ಮೊದಲನೆಯದು ಸಾವಕಾಶದ್ದು, ಪ್ರಿಪೇರ್:
ಮರಿ ತಾಯಿಯನ್ನೆಬ್ಬಿಸಿ, ತಾಯಿ ಅಜ್ಜಿಯನ್ನೆಬ್ಬಿಸಿ,
ಅಜ್ಜಿಯ ಮಿಡಿತ ಹದಕ್ಕೆ ಬರುವತನಕ
ಎಲ್ಲರೂ ಕಾಯಬೇಕು. ಬಾಗಿಲಿಗೆ ಮ್ಯೂಟೆಕ್ಸ್ ಅಗಳಿ;
ಹೊರಗಿನವರು ಜಗಲಿಯಲ್ಲಿ ತೂಕಡಿಸಬಹುದು,
ಒಳಗಿನವನೂ. ಯಾರೂ ಏನೂ ಅನ್ನುವುದಿಲ್ಲ.
ಎರಡನೆಯದು ಬರೀ ಚಿಟಿಕೆ, ಎನೇಬಲ್:
ಒಂದೇ ಬಿಟ್, ಸೊನ್ನೆ ಹೋಗಿ ಒಂದು.
ಇದರ ಕಾವಲು ಬೇರೆ, ಸ್ಪಿನ್‌ಲಾಕ್.
ಇಲ್ಲಿ ಕಾಯುವವನು ಕೂರುವ ಹಾಗಿಲ್ಲ,
ಚಿಲಕ ಹಿಡಿದು ನಿಂತಲ್ಲೇ ಗಿರಗಿರ;
ಒಳಗಿದ್ದವನು ರೆಪ್ಪೆ ಮುಚ್ಚಿದರೆ
ಹೊರಗಿನವನ ಗಿರಕಿಗೆ ಕೊನೆಯಿಲ್ಲ.
ಎರಡನ್ನೂ ಒಂದೇ ಸಾಲಿಗೆ ಹೊಲಿದು
ಇಂಟರಪ್ಟಿನ ಬಾಯಿಗಿಟ್ಟವನು ನಾನು.

ಇದನ್ನು ಯಂಕವ್ವನಿಗೆ ಹೇಳುವುದು ಹೇಗೆಂದು ಹೊಳೆಯದೆ
ವೈರಿಗೆ ಟೇಪು ಸುತ್ತುತ್ತ ಕೂತೆ. ಅವಳೇ ಅಂದಳು:
"ಬೀಮು ಏರಸೂದು ಒಂದ ದಿನದ ಕೆಲಸ.
ಎಳಿ ಕೂಡಸ್ತೀವಿ, ಚಾ ಕುಡೀತೀವಿ, ಒಬ್ಬಾಕಿ ಅಡ್ಡಾಗ್ತಾಳ,
ನಡೀತೈತಿ. ಹಿಡಿಕಿ ಎಳದಮ್ಯಾಲೆ ಮುಗೀತು.
ಲಾಳಿ ಈ ದಂಡಿ ಬಿಟ್ಟೈತಿ, ಆ ದಂಡಿ ಮುಟ್ಟಿಲ್ಲ,
ಆವಾಗ ಯಾರ ಕರದ್ರೂ ನಾ ತಿರುಗಿ ನೋಡಾಂಗಿಲ್ಲ."
ಅಂದವಳೇ ಏಳನೇ ಮಗ್ಗಕ್ಕೆ ಹೋದಳು.

ಅಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ಎತ್ತಲಿಲ್ಲ.
ಸೆರಗಿನ ತುದಿಗೆ ಒಂದು ಗಂಟು ಹಾಕಿದಳು,
ಒಂದು ಕೈ, ಮುಂದಿನ ಹಲ್ಲು, ಕಣ್ಣು ಹಾಸಿನ ಮೇಲೇ.
ಆಗಲೇ ಅಲ್ಲಿ ಮೂರಿದ್ದವು:
ಗ್ಯಾಸಿನವನು, ನಾದಿನಿಯ ಮಾತ್ರೆ, ಸಂಘದ ಕಂತು.
ಕರೆಂಟು ಹೋದಮೇಲೆ ಒಂದೊಂದಾಗಿ ಬಿಚ್ಚುತ್ತಾಳಂತೆ.

ಆ ರಾತ್ರಿ ತಿದ್ದಿದೆ.
ಪ್ರಿಪೇರ್ ಮುಂಜಾನೆಗೆ, ಬೋರ್ಡು ಕಣ್ಬಿಡುವಾಗಲೇ, ಪುರುಸೊತ್ತಿನಲ್ಲಿ;
ಇಂಟರಪ್ಟಿನಲ್ಲಿ ಒಂದು ಚಿಟಿಕೆ, ಒಂದು ಗಂಟು;
ಎಷ್ಟನೇ ಎಳೆ, ಎಷ್ಟು ಗಂಟೆಗೆ ಎಂಬ ಪಂಚಾಯ್ತಿಯೆಲ್ಲ ಆಮೇಲೆ.
ಖರ್ಚು ಇದೆ: ಅಜ್ಜಿ ಗಡಿಯಾರ ಈಗ ದಿನವಿಡೀ
ಕರೆಯದಿದ್ದರೂ ಎಚ್ಚರ. ನಾಲ್ಕು ಮಿಲಿಆಂಪಿಯರ್.
ಬಿಲ್ಲಿನಲ್ಲಿ ಅದು ಕಾಣುವುದಿಲ್ಲ.
ಯಂಕವ್ವನ ಮೊಣಕಾಲಿನದೂ.

ಶುಕ್ರವಾರ ಐದನೆಯದರಲ್ಲಿ ನಾನೇ ಒಂದು ಎಳೆ ಹರಿದೆ.
ಟಕ್. ನಿಂತಿತು. ಲಾಳಿ ತನ್ನ ಮನೆಯೊಳಗೆ.
"ಛಲೋ ಆತು" ಅಂದಳು, ಅಷ್ಟಕ್ಕೇ ಬಿಟ್ಟು
ಹರಿದ ತುದಿ ಹುಡುಕಿ ಹೊಸೆಯತೊಡಗಿದಳು.

ಆಮೇಲೆ ಕರೆಂಟೇ ಹೋಯಿತು.
ಎಂಟೂ ಮಗ್ಗ ಸುಮ್ಮನಾದಾಗ
ಗಲ್ಲಿಯಲ್ಲಿ ಯಾರೋ ಜೋಳ ಕೇರುವುದು ಕೇಳಿತು.
ಯಂಕವ್ವ ಸೆರಗನ್ನು ಮಡಿಲಿಗೆಳೆದು ಬಿಚ್ಚುತ್ತ ಬಂದಳು,
ಹಾಲಿನ ಲೆಕ್ಕ, ಕಿಡಕಿಯ ತಿರುಪು, ಹೊನಗಾದ ಮಗಳು.
ನಾಲ್ಕನೆಯದಕ್ಕೆ ಬೆರಳು ನಿಂತಿತು.
"ಇದು ಯಾವುದರದು?"
ಇಬ್ಬರೂ ಅದನ್ನೇ ನೋಡಿದೆವು.
ಸಣ್ಣ ಗಂಟು, ಬಿಗಿ, ಹಲ್ಲಿನ ಗುರುತು.
ಬಲ್ಬು ಮಿಣುಕಿತು. ಬಿಚ್ಚದೆ
ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.